ಹಳೆಯ ಮನೆಗೆ ಹೊಸ ಕಳೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣಬಣ್ಣ ಮಾಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಅಂಗಡಿಗೆ. ಬಣ್ಣದ ಶೇಡ್ ಕಾರ್ಡ್ ಬರುತ್ತದೆ, ಪರದೆಯ ಬಟ್ಟೆ ಬರುತ್ತದೆ, ಸೋಫಾಗೆ ಮುಂಗಡವೂ ಹೋಗುತ್ತದೆ. ಆದರೆ ಬಚ್ಚಲಿನ ಆಚೆಯ ಗೋಡೆಯಲ್ಲಿ ತೇವ ಹಾಗೆಯೇ ಉಳಿದಿರುತ್ತದೆ, ಸ್ವಿಚ್ ಬೋರ್ಡು ಹಳೆಯ ಜಾಗದಲ್ಲೇ ಇರುತ್ತದೆ, ಒಂದು ಮಳೆಗಾಲ ಕಳೆಯುವುದರೊಳಗೆ ಹೊಸ ಬಣ್ಣ ಚಕ್ಕೆಯಾಗಿ ಏಳುತ್ತದೆ. ಮನೆಯ ಅಂದ ಹೆಚ್ಚಿಸುವ ಕೆಲಸದಲ್ಲಿ ದುಡ್ಡು ಹಾಳಾಗುವುದು ಕೆಟ್ಟ ಆಯ್ಕೆಯಿಂದ ಎನ್ನುವುದಕ್ಕಿಂತ ತಪ್ಪು ಅನುಕ್ರಮದಿಂದ. ನೀರು, ವಿದ್ಯುತ್ತು, ನೆಲ, ಗೋಡೆ, ಮರ, ಬಟ್ಟೆ ಎಂಬ ಕ್ರಮದಲ್ಲಿ ಕೆಲಸ ಸಾಗಬೇಕು. ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ.

ಈ ಮಾರ್ಗದರ್ಶಿಯಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ಮೈಸೂರು, ಧಾರವಾಡ, ಶಿವಮೊಗ್ಗದಂಥ ಊರುಗಳಲ್ಲಿ ಅಥವಾ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇರುವ, 25ರಿಂದ 40 ವರ್ಷ ಹಿಂದೆ ಕಟ್ಟಿದ ಸ್ವಂತ ಮನೆಯನ್ನು. ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ತೇಗದ ಇಲ್ಲವೇ ಹೊನ್ನೆಯ ಬಾಗಿಲು, ಆಯಿಲ್ ಪೇಂಟ್ ಬಳಿದ ಕಿಟಕಿ ಸರಳು, ಕಡಪ ಕಲ್ಲಿನ ಅಡುಗೆ ಕಟ್ಟೆ, ಪಡಸಾಲೆಯ ನಡುವೆ ಒಂದೇ ಟ್ಯೂಬ್‌ಲೈಟು. ಇಂಥ ಮನೆಗಳಲ್ಲಿ ಕಿತ್ತೆಸೆಯಬೇಕಾದದ್ದು ಜನ ಎಣಿಸುವುದಕ್ಕಿಂತ ಬಹಳ ಕಡಿಮೆ.

ಕೆಲಸಕ್ಕೆ ಮುನ್ನ: ಅಳತೆ ಮತ್ತು ಹೊತ್ತು

ಮೊದಲು ಒಂದು ನೋಟ್ ಪುಸ್ತಕದಲ್ಲಿ ಪ್ರತಿ ಕೋಣೆಗೂ ಒಂದು ಪುಟ ಮೀಸಲಿಡಿ. ಉದ್ದ, ಅಗಲ, ಎತ್ತರ, ಬಾಗಿಲು ಕಿಟಕಿಗಳ ಅಳತೆ, ಸ್ವಿಚ್ ಬೋರ್ಡು ಮತ್ತು ಪ್ಲಗ್ ಪಾಯಿಂಟುಗಳ ಜಾಗ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಕೈಯಿಂದಲೇ ನಕ್ಷೆ ಬರೆದು ಗುರುತಿಸಿ. ಬಳಿಕ ಅದೇ ಪುಟದಲ್ಲಿ ಬೆಳಗ್ಗೆ ಎಂಟಕ್ಕೆ, ನಡುಹಗಲಲ್ಲಿ, ಸಂಜೆ ನಾಲ್ಕಕ್ಕೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಬರೆದುಕೊಳ್ಳಿ. ನಮ್ಮ ಕಡೆ ಪಶ್ಚಿಮದ ಕೋಣೆಗೆ ಮಧ್ಯಾಹ್ನದ ಮೇಲೆ ನೇರ ಬಿಸಿಲು ನುಗ್ಗುತ್ತದೆ. ಉತ್ತರದ ಕೋಣೆಗೆ ವರ್ಷದ ಹೆಚ್ಚು ಕಾಲ ನೇರ ಬಿಸಿಲಿಲ್ಲದ ತಂಪು ಬೆಳಕು ಬರುತ್ತದೆ. ಮುಂದೆ ಬಣ್ಣ, ಪರದೆ, ದೀಪ ಮೂರನ್ನೂ ತೀರ್ಮಾನಿಸುವುದು ಈ ಟಿಪ್ಪಣಿಯೇ.

ಜೊತೆಗೆ ಮನೆಯವರೆಲ್ಲರೂ ಕುಳಿತು, ಎಲ್ಲಿ ಏನು ತೊಡಕಾಗುತ್ತಿದೆ ಎಂದು ಹೇಳಿಕೊಳ್ಳಬೇಕು. ಚಪ್ಪಲಿ ಬಿಡಲು ಜಾಗವಿಲ್ಲ, ಅಜ್ಜಿಗೆ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕಿಲ್ಲ, ಮಗಳು ಓದುವುದು ಊಟದ ಮೇಜಿನ ಮೇಲೆ. ಅಲಂಕಾರದ ಮಾತು ಇಂಥ ಪಟ್ಟಿ ಸಿದ್ಧವಾದ ಮೇಲೆ ಬರಬೇಕು. ಏಕೆಂದರೆ ಇವುಗಳಿಗೆ ಪರಿಹಾರ ಸಿಕ್ಕರೆ ಮನೆ ಅರ್ಧ ಚೆಂದವಾದಂತೆಯೇ.

ಖರ್ಚಿನ ಅಂದಾಜು ಹಾಕುವಾಗ ಒಟ್ಟು ಮೊತ್ತದ ನೂರಕ್ಕೆ ಹದಿನೈದರಷ್ಟನ್ನು ಎತ್ತಿಡಿ. ಹಳೆಯ ಮನೆಯಲ್ಲಿ ಗಾರೆ ಕೆರೆದ ಮೇಲಷ್ಟೇ ಕಾಣುವ ಕೆಲಸ ಒಂದಾದರೂ ಇದ್ದೇ ಇರುತ್ತದೆ.

ಕಾಲದ ವಿಷಯದಲ್ಲಿ ನನ್ನ ಸಲಹೆ ಖಚಿತವಾದದ್ದು. ಸೋರಿಕೆ ಎಲ್ಲಿದೆ ಎಂದು ಮಳೆಗಾಲದಲ್ಲಿ ಗುರುತು ಹಾಕಿಕೊಳ್ಳಿ, ದುರಸ್ತಿಯನ್ನು ಮಳೆ ನಿಂತ ಮೇಲೆ ಮಾಡಿಸಿ, ಬಣ್ಣವನ್ನು ದೀಪಾವಳಿಯಿಂದ ಯುಗಾದಿಯವರೆಗಿನ ಒಣ ಹವೆಯಲ್ಲಿ ಹೊಡೆಸಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದೇ ಇಲ್ಲ; ಆಗ ಬಣ್ಣ ಹೊಡೆಸುವುದು ದುಡ್ಡು ನೀರಿಗೆ ಹಾಕುವ ಕೆಲಸ.

ಖಾಲಿ ಮಾಡುವುದು

ಒಂದು ಕೋಣೆಯನ್ನು ಆರಿಸಿ, ಅದರಲ್ಲಿರುವ ಎಲ್ಲವನ್ನೂ ಹೊರಗೆ ತೆಗೆಯಿರಿ. ಸಜ್ಜೆಯ ಮೇಲಿನ ಸೂಟ್‌ಕೇಸು, ಅಟ್ಟದ ಪಾತ್ರೆ, ಷೋಕೇಸಿನ ಗೊಂಬೆ, ಗೋಡೆಯ ಹಳೆಯ ಕ್ಯಾಲೆಂಡರು, ಎಲ್ಲವನ್ನೂ. ವಸ್ತುಗಳನ್ನು ಕೋಣೆಯೊಳಗೇ ಸರಿಸಾಡುತ್ತ ಯೋಚಿಸಿದರೆ ಯಾವುದೂ ಬೇಡವೆನ್ನಿಸುವುದಿಲ್ಲ. ಖಾಲಿ ಕೋಣೆಯಲ್ಲಿ ನಿಂತು ಒಂದೊಂದನ್ನೇ ಮರಳಿ ತರುವಾಗ ಮಾತ್ರ ಯಾವುದು ಬೇಕು ಎಂಬುದು ಸ್ಪಷ್ಟವಾಗುತ್ತದೆ. ಕೆಟ್ಟ ಮಿಕ್ಸಿ, ಹಳೆಯ ಟಿವಿ, ಮೊಬೈಲುಗಳನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿ ನೋಡಿ. ನಡುಮನೆಯ ಮೂಲೆಗೆ ಇಡಲು ಅದಕ್ಕಿಂತ ಒಳ್ಳೆಯ ವಸ್ತು ಅಂಗಡಿಯಲ್ಲಿ ಸಿಗಲಾರದು.

ನೀರು ಎಲ್ಲಿಂದ ಬರುತ್ತಿದೆ

ಇದು ಕಣ್ಣಿಗೆ ಕಾಣದ ಕೆಲಸ, ಆದ್ದರಿಂದಲೇ ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಗೋಡೆಯ ತೇವಕ್ಕೆ ಮೂಲ ಸಾಮಾನ್ಯವಾಗಿ ನಾಲ್ಕು ಕಡೆ ಇರುತ್ತದೆ: ಮೇಲಿನ ತಾರಸಿ, ಹೊರಗೋಡೆಯ ಬಿರುಕು, ಗೋಡೆಯೊಳಗಿನ ನಲ್ಲಿ ಕೊಳವೆ ಅಥವಾ ಬಚ್ಚಲಿನ ನೆಲ, ಮತ್ತು ಕೆಳಗಿನ ಮಣ್ಣು. ಕಲೆ ಇರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಸೂರಿನ ಮೂಲೆಯಲ್ಲಿ ಕಂದು ಅಂಚಿನ ಕಲೆ ಇದ್ದರೆ ತಾರಸಿಯನ್ನು ನೋಡಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಗಾರೆ ಉಬ್ಬಿ, ಬಿಳಿಯ ಉಪ್ಪು ಬಿಟ್ಟು, ಕೈಯಾಡಿಸಿದರೆ ಪುಡಿಯಾಗಿ ಉದುರುತ್ತಿದ್ದರೆ ನೀರು ತಳಪಾಯದಿಂದ ಮೇಲೇರುತ್ತಿದೆ.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳನ್ನು ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದ್ದರೆ ಕೋಣೆಗೆ ಗಾಳಿ ಸಾಲದಾಗಿದೆ. ಅಲ್ಲಿ ಬೇಕಾದದ್ದು ಎಕ್ಸಾಸ್ಟ್ ಫ್ಯಾನು ಅಥವಾ ತೆರೆದ ಕಿಟಕಿಯೇ ಹೊರತು ವಾಟರ್‌ಪ್ರೂಫಿಂಗ್ ಅಲ್ಲ.

ಕೊಳವೆಯ ಸೋರಿಕೆ ಹಿಡಿಯಲು, ರಾತ್ರಿ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆ ಕಾಲದ ಮನೆಗಳಲ್ಲಿ ಗೋಡೆಯೊಳಗೆ ಹುದುಗಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಕೊಳವೆಗಳು ಒಳಗೊಳಗೇ ತುಕ್ಕು ಹಿಡಿದಿರುತ್ತವೆ; ಒಂದು ಕಡೆ ತೂತು ಬಿದ್ದರೆ ಇಡೀ ಲೈನನ್ನು ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಕೊಳವೆಗೆ ಬದಲಾಯಿಸುವುದೇ ಮೇಲು. ಬಚ್ಚಲಿನ ನೆಲವಾದರೆ ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಜಾಲರಿ ಬಾಯಿಯ) ಸುತ್ತಲ ಸಂದು ಮತ್ತು ಟೈಲ್ಸಿನ ನಡುವಿನ ಸಂದು ತುಂಬಿದ ಗ್ರೌಟ್ ಮೊದಲು ಸವೆಯುತ್ತವೆ. ಹಳೆಯ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿದರೆ, ಟೈಲ್ಸ್ ಕೀಳದೆಯೇ ಎಷ್ಟೋ ಸೋರಿಕೆಗಳು ನಿಲ್ಲುತ್ತವೆ.

ತಾರಸಿಯಲ್ಲಿ ಮೊದಲು ಮಳೆನೀರಿನ ಕೊಳವೆಯ ಬಾಯನ್ನು ಶುಚಿ ಮಾಡಿ, ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ತಾರಸಿಯ ಅಂಚಿನ ಕೈಪಿಡಿ ಗೋಡೆ (ಪ್ಯಾರಪೆಟ್) ತಾರಸಿಯನ್ನು ಕೂಡುವ ಮೂಲೆಯ ಬಿರುಕೇ ಬಹಳ ಸಲ ಮೂಲ ಕಾರಣವಾಗಿರುತ್ತದೆ. ಅದನ್ನು ಕೆರೆದು, ಪಾಲಿಮರ್ ಬೆರೆಸಿದ ಗಾರೆಯಿಂದ ಇಳಿಜಾರಾಗಿ ಮುಚ್ಚಿ, ಪೂರ್ತಿ ಒಣಗಿದ ಮೇಲಷ್ಟೇ ವಾಟರ್‌ಪ್ರೂಫ್ ಲೇಪನ ಹಚ್ಚಬೇಕು. ತಳದಿಂದ ಏರುವ ತೇವಕ್ಕೆ ಹೊರಗಿನ ಕಾರಣವನ್ನು ಮೊದಲು ಹುಡುಕಿ: ಹೂವಿನ ಪಾತಿಯ ಮಣ್ಣು ಪ್ಲಿಂತ್ (ತಳಪಾಯದ ಮೇಲಂಚಿನ) ಮಟ್ಟಕ್ಕಿಂತ ಮೇಲೆ ಬಂದಿದೆಯೇ, ಬಟ್ಟೆ ಒಗೆಯುವ ಕಲ್ಲಿನ ನೀರು ಗೋಡೆಯ ಬುಡದಲ್ಲೇ ಇಂಗುತ್ತಿದೆಯೇ ಎಂದು. ಅದನ್ನು ಸರಿಪಡಿಸಿ, ಕಲೆ ಇರುವ ಎತ್ತರಕ್ಕಿಂತ ಒಂದು ಅಡಿ ಮೇಲಿನವರೆಗೆ ಗಾರೆ ಕೆತ್ತಿ, ಇಟ್ಟಿಗೆ ಕಾಣುವಂತೆ ಬಿಟ್ಟು ಒಣಗಿಸಿ, ಆಮೇಲೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿದ ಗಾರೆ ಮಾಡಿಸಿ. ಹೊಸ ಗಾರೆಗೆ ಒಂದು ವಾರ ನೀರುಣಿಸಬೇಕು, ಬಣ್ಣಕ್ಕೆ 28 ದಿನವಾದರೂ ಕಾಯಬೇಕು.

ಈಗ ಪ್ರತಿ ಊರಿನಲ್ಲೂ ಸಿಗುವ ಪಿವಿಸಿ ಪ್ಯಾನೆಲ್‌ಗಳನ್ನು ತೇವದ ಗೋಡೆಯ ಮೇಲೆ ಹೊಡೆಸಿ ಮುಚ್ಚಿಬಿಡುವ ಸಲಹೆಯನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ತೇವ ಅಲ್ಲೇ ಸಿಕ್ಕಿಕೊಂಡು ಬೂಷ್ಟು ಬೆಳೆಯುತ್ತದೆ, ಪಟ್ಟಿಯ ಮರಕ್ಕೆ ಗೆದ್ದಲು ಹತ್ತುತ್ತದೆ, ಉಸಿರಾಟದ ತೊಂದರೆ ಇರುವವರು ಆ ಕೋಣೆಯಲ್ಲಿ ಮಲಗಲಾರರು. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಗಳಿರುವ ಇನ್ನೂ ಹಳೆಯ ಮನೆಯಾದರಂತೂ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಎಮಲ್ಷನ್ ಎರಡೂ ಬೇಡ. ಆ ಗೋಡೆಗಳು ಹೀರಿದ ತೇವವನ್ನು ಗಾಳಿಗೆ ಬಿಟ್ಟು ತಾವೇ ಒಣಗುವಂಥವು. ಅವಕ್ಕೆ ಸುಣ್ಣವೇ ಸರಿಯಾದ ಬಣ್ಣ.

ವಿದ್ಯುತ್ತು ಮತ್ತು ಬೆಳಕು

ಗೋಡೆ ಕೊರೆಯುವ ಕೆಲಸವೆಲ್ಲ ಪುಟ್ಟಿಗೆ, ಅಂದರೆ ಬಣ್ಣಕ್ಕೆ ಮೊದಲು ಗೋಡೆಯನ್ನು ನಯಗೊಳಿಸುವ ಲೇಪಕ್ಕೆ, ಮುಂಚೆ ಮುಗಿಯಬೇಕು. ಹಳೆಯ ವೈರಿಂಗ್ ಇದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದೊಡನೆ ಲೈನನ್ನು ತಾನೇ ಕಡಿಯುವ ಸ್ವಿಚ್ಚು, ಹಾಕಿಸಿ. ಜೀವ ಉಳಿಸುವ ಖರ್ಚು ಅದು. ಇದೇ ಹೊತ್ತಿನಲ್ಲಿ ಹಾಸಿಗೆಯ ಎರಡೂ ಬದಿಗೆ ಪ್ಲಗ್ ಪಾಯಿಂಟು, ಓದುವ ಜಾಗದಲ್ಲಿ ಒಂದು, ಪಡಸಾಲೆಯ ಎರಡು ಮೂಲೆಗಳಲ್ಲಿ ಒಂದೊಂದು ಕೊಡಿಸಿಬಿಟ್ಟರೆ ಮುಂದೆ ಎಕ್ಸ್‌ಟೆನ್ಷನ್ ವೈರುಗಳು ನೆಲದ ಮೇಲೆ ಹರಿದಾಡುವುದು ತಪ್ಪುತ್ತದೆ.

ನಮ್ಮ ಮನೆಗಳು ಸಂಜೆಯ ಹೊತ್ತು ಕಳೆಗುಂದುವುದಕ್ಕೆ ಮುಖ್ಯ ಕಾರಣ ಗೋಡೆಯ ಬಣ್ಣವಲ್ಲ, 6500 ಕೆಲ್ವಿನ್‌ನ ನೀಲಿ ಛಾಯೆಯ ಒಂಟಿ ಟ್ಯೂಬ್‌ಲೈಟು. ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ: 2700ರಿಂದ 3000 ಎಂದರೆ ಎಣ್ಣೆದೀಪದ ಛಾಯೆಗೆ ಹತ್ತಿರವಾದ ಹಳದಿ ಬೆಳಕು, 4000 ಎಂದರೆ ತಟಸ್ಥ ಬಿಳಿ. ಪಡಸಾಲೆಗೂ ಮಲಗುವ ಕೋಣೆಗೂ 3000, ಅಡುಗೆ ಮನೆಗೂ ಓದುವ ಮೇಜಿಗೂ 4000 ಇರಲಿ. ವಸ್ತುಗಳ ನಿಜ ಬಣ್ಣವನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಎಂಬ ಇನ್ನೊಂದು ಅಂಕಿಯನ್ನೂ ನೋಡಿ. ಅದು 80ಕ್ಕಿಂತ ಕಡಿಮೆ ಇರಬಾರದು, 90 ಇದ್ದರೆ ಸೀರೆಯ ಬಣ್ಣವೂ ಸೊಪ್ಪಿನ ಹಸಿರೂ ಇದ್ದ ಹಾಗೆಯೇ ಕಾಣುತ್ತವೆ.

ಬೆಳಕಿನ ಪ್ರಮಾಣವನ್ನು ಲೆಕ್ಕ ಹಾಕಬಹುದು. ಪಡಸಾಲೆಗೆ ಚದರಡಿಗೆ 15 ಲುಮೆನ್ ಎಂದುಕೊಂಡರೆ, 10ಕ್ಕೆ 12 ಅಡಿಯ ಕೋಣೆಗೆ 1800 ಲುಮೆನ್ ಸಾಕು. 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲುಮೆನ್ ಕೊಡುತ್ತದೆ. ಅಂದರೆ ಅಂಥ ಎರಡು ಬಲ್ಬುಗಳಷ್ಟು ಬೆಳಕು. ಅದನ್ನು ಒಂದೇ ಕಡೆ ಸುರಿಯುವ ಬದಲು ಮೂರು ನಾಲ್ಕು ಜಾಗಗಳಿಗೆ ಹಂಚಿ: ಒಂದು ಸೂರಿನಲ್ಲಿ, ಒಂದು ಗೋಡೆಯ ಮೇಲೆ, ಒಂದು ಕುರ್ಚಿಯ ಪಕ್ಕದ ನಿಲುದೀಪದಲ್ಲಿ. ಅಡುಗೆ ಕಟ್ಟೆಯ ಮೇಲಿನ ಕಪಾಟಿನ ತಳಕ್ಕೆ ಒಂದು ಎಲ್‌ಇಡಿ ಪಟ್ಟಿ ಹಾಕಿಸಿ. ಬೆನ್ನ ಹಿಂದಿನ ದೀಪದಿಂದ ತರಕಾರಿ ಹೆಚ್ಚುವವರ ನೆರಳೇ ಮಣೆಯ ಮೇಲೆ ಬೀಳುತ್ತಿರುತ್ತದೆ.

ಹೆಂಚಿನ ಮನೆಯವರಿಗೆ ಇನ್ನೊಂದು ದಾರಿ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ಮಾಡುಗಳನ್ನು ಹೊದಿಸುತ್ತಿರುವ ಆ ಹೆಂಚಿನ ಆಕಾರದಲ್ಲೇ ಗಾಜಿನ ಹೆಂಚುಗಳೂ ಸಿಗುತ್ತವೆ. ಕತ್ತಲ ನಡುಮನೆಯ ಮಾಡಿನಲ್ಲಿ ಎರಡು ಹೆಂಚು ಬದಲಿಸಿದರೆ ಹಗಲು ದೀಪವೇ ಬೇಡ.

ಫಾಲ್ಸ್ ಸೀಲಿಂಗ್ ಬಗ್ಗೆ ಒಂದು ಮಾತು. ಸೂರಿನ ಎತ್ತರ ಹತ್ತು ಅಡಿಗಿಂತ ಕಡಿಮೆ ಇದ್ದರೆ ಅದರ ಗೊಡವೆಗೆ ಹೋಗಬೇಡಿ. ಕೋಣೆ ತಗ್ಗಾಗುತ್ತದೆ, ಫ್ಯಾನಿನ ಗಾಳಿ ಕುಂದುತ್ತದೆ, ಮೇಲಿನ ಸೋರಿಕೆ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ನೆಲವನ್ನು ಕೀಳುವ ಮುನ್ನ

ಮೊಸಾಯಿಕ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಈಗ ರೂಢಿಯಾಗಿಬಿಟ್ಟಿದೆ. ಬಹುತೇಕ ಸಂದರ್ಭದಲ್ಲಿ ಅದು ಅನವಶ್ಯಕ. ಮೊಸಾಯಿಕ್ ಎಂದರೆ ಸಿಮೆಂಟಿನಲ್ಲಿ ಹುದುಗಿದ ಅಮೃತಶಿಲೆಯ ಚೂರುಗಳು. ಮೇಲಿನ ಮಾಸಿದ ಪದರವನ್ನು ಯಂತ್ರದಿಂದ ಉಜ್ಜಿ ತೆಗೆದರೆ ಒಳಗಿನ ಕಲ್ಲು ಹೊಸದಾಗಿಯೇ ಇರುತ್ತದೆ. ಪಾಲಿಶ್ ಮಾಡುವವರು ಮೊದಲು ಒರಟು ಕಲ್ಲು, ಬಳಿಕ ನಯ ಕಲ್ಲು ಹಾಕಿ ನೀರಿನೊಂದಿಗೆ ಉಜ್ಜುತ್ತಾರೆ, ನಡುವೆ ಸಣ್ಣ ರಂಧ್ರಗಳಿಗೆ ಬಿಳಿ ಸಿಮೆಂಟ್ ತುಂಬುತ್ತಾರೆ, ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ಬರಿಸುತ್ತಾರೆ. ಕೆಲಸದ ಹೊತ್ತಿನಲ್ಲಿ ಹಾಲಿನಂಥ ಕೆಸರು ಗೋಡೆಗೆ ಒಂದಡಿ ಎತ್ತರದವರೆಗೆ ಸಿಡಿಯುತ್ತದೆ. ಅದಕ್ಕಾಗಿಯೇ ನೆಲದ ಪಾಲಿಶ್ ಕೆಲಸವನ್ನು ಗೋಡೆಯ ಕೊನೆಯ ಕೋಟ್‌ಗೆ ಮುಂಚೆ ಮುಗಿಸಬೇಕು. ಪೇಂಟರ್ ಮತ್ತು ಪಾಲಿಶ್‌ನವರನ್ನು ಒಟ್ಟಿಗೆ ಕೂರಿಸಿ ದಿನ ಗೊತ್ತುಮಾಡಿ. ಇಲ್ಲವಾದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ.

ರೆಡ್ ಆಕ್ಸೈಡ್ ನೆಲಕ್ಕೆ ಯಂತ್ರ ಬೇಡ. ಅದರ ಬಣ್ಣ ಮೇಲಿನ ತೆಳು ಪದರದಲ್ಲಷ್ಟೇ ಇರುತ್ತದೆ. ಮೊದಲು ಸೌಮ್ಯ ಸೋಪಿನ ನೀರಿನಿಂದ, ತೆಂಗಿನ ನಾರಿನಿಂದ ತಿಕ್ಕಿ ಹಳೆಯ ಮೇಣ, ಜಿಡ್ಡು ತೆಗೆದು, ಒಂದೆರಡು ದಿನ ಒಣಗಲು ಬಿಡಿ. ಬಿರುಕುಗಳಿಗೆ ಸಿಮೆಂಟ್ ಮತ್ತು ರೆಡ್ ಆಕ್ಸೈಡ್ ಪುಡಿಯನ್ನು ಕಲಸಿ ತುಂಬಬೇಕು. ಆದರೆ ಹಸಿಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಮೊದಲು ಹಂಚಿನ ಚೂರಿನ ಮೇಲೆ ಸ್ವಲ್ಪ ಹಚ್ಚಿ ಒಣಗಿಸಿ, ನೆಲದ ಪಕ್ಕ ಹಿಡಿದು ನೋಡಿ, ಪುಡಿಯ ಪ್ರಮಾಣ ಹೊಂದಿಸಿಕೊಳ್ಳಿ. ಆಮೇಲೆ ಹತ್ತಿ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲವೇ ಜೇನುಮೇಣ ಅದ್ದಿ, ಅಂಗೈಯಗಲ ಜಾಗವನ್ನು ಒಮ್ಮೆಗೆ, ಸುತ್ತು ಸುತ್ತಾಗಿ ತಿಕ್ಕುತ್ತ ಹೋಗಬೇಕು. ಮಾಸಲು ಕೆಂಪು ಮೆಲ್ಲಗೆ ಕಡುಗೆಂಪಾಗಿ, ಕಿಟಕಿಯ ಸರಳುಗಳ ನೆರಳು ನೆಲದಲ್ಲಿ ಮೂಡತೊಡಗುತ್ತದೆ. ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಹೆಚ್ಚುವರಿ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಉಳಿದರೆ ಧೂಳು ಹಿಡಿಯುತ್ತದೆ, ವಯಸ್ಸಾದವರು ಜಾರುವ ಭಯವೂ ಇರುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಈ ನೆಲದ ಹತ್ತಿರವೂ ತರಬೇಡಿ. ಕಡಪ ಕಲ್ಲಿಗೂ ಅಮೃತಶಿಲೆಗೂ ಇದೇ ಮಾತು ಅನ್ವಯಿಸುತ್ತದೆ.

ಗೋಡೆ ಮತ್ತು ಬಣ್ಣ

ಹಳೆಯ ಗೋಡೆಯ ಮೇಲೆ ಏನಿದೆ ಎಂದು ಮೊದಲು ತಿಳಿಯಿರಿ. ಕಪ್ಪು ಬಟ್ಟೆಯಿಂದ ಗೋಡೆಯನ್ನು ಒರೆಸಿದಾಗ ಬಿಳಿ ಪುಡಿ ಮೆತ್ತಿಕೊಂಡರೆ ಅಲ್ಲಿರುವುದು ಸುಣ್ಣ ಅಥವಾ ಡಿಸ್ಟೆಂಪರ್. ಅದರ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಕೆಳಗಿನ ಪುಡಿಯ ಸಮೇತ ಕಿತ್ತು ಬರುತ್ತದೆ. ಪಟ್ಟಿ ಕರಣೆಯಿಂದ ಕೆರೆದು, ಉಪ್ಪುಕಾಗದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ಧೂಳು ಪೂರ್ತಿ ತೆಗೆಸಲೇಬೇಕು. ಗುತ್ತಿಗೆಯವರು ಅವಸರ ಮಾಡುವುದು ಇಲ್ಲಿಯೇ. ಆದ್ದರಿಂದ ಆ ದಿನ ಮನೆಯವರೊಬ್ಬರು ಎದುರಿಗೆ ಇರಬೇಕು.

ಬಾಗಿಲು ಕಿಟಕಿಗಳ ಹಳೆಯ ಆಯಿಲ್ ಪೇಂಟಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಇದೆ. ಅದನ್ನು ಒಣಗಿದ್ದಂತೆಯೇ ಯಂತ್ರದಿಂದ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಬೇಡಿ. ನೀರು ಹಾಕಿ ವಾಟರ್ ಪೇಪರಿನಿಂದಲೇ ಉಜ್ಜಿಸಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಕಳಿಸಿ, ಬಿದ್ದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ.

ಗೋಡೆ ಸಿದ್ಧವಾದ ಮೇಲೆ ಪುಟ್ಟಿ. ಬಿಳಿ ಸಿಮೆಂಟಿನ ಪುಟ್ಟಿಯನ್ನು ಸ್ವಲ್ಪ ನೆನೆಸಿದ ಗೋಡೆಯ ಮೇಲೆ ಎರಡು ತೆಳು ಪದರಗಳಲ್ಲಿ ಎಳೆಯಬೇಕು, ಒಟ್ಟು ದಪ್ಪ ಒಂದೂವರೆ ಮಿಲಿಮೀಟರ್ ಮೀರಬಾರದು. ಅದು ಒಣಗಿದ ಮೇಲೆ ನಯವಾಗಿ ಉಜ್ಜಿ, ಧೂಳು ಒರೆಸಿ, ಒಂದು ಕೋಟ್ ಪ್ರೈಮರ್, ಬಳಿಕ ಎರಡು ಕೋಟ್ ಎಮಲ್ಷನ್. ಎರಡು ಕೋಟ್‌ಗಳ ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ನಾಲ್ಕು ಗಂಟೆ, ಬಿಡಲೇಬೇಕು. ಉಬ್ಬುತಗ್ಗಿರುವ ಹಳೆಯ ಗೋಡೆಗೆ ಹೊಳೆಯುವ ಬಣ್ಣ ಬೇಡ, ಮ್ಯಾಟ್ ಇರಲಿ. ಹೊಳಪು ಪ್ರತಿಯೊಂದು ತಗ್ಗನ್ನೂ ಎತ್ತಿ ತೋರಿಸುತ್ತದೆ.

ಎಷ್ಟು ಬಣ್ಣ ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿ. 10ಕ್ಕೆ 12 ಅಡಿಯ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ; ಗೋಡೆಗಳು 440 ಚದರಡಿ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ 21 ಚದರಡಿ ಮತ್ತು ನಾಲ್ಕಡಿ ಚೌಕದ ಕಿಟಕಿಯ 16 ಚದರಡಿ ಕಳೆದರೆ ಉಳಿಯುವುದು 403. ಡಬ್ಬಿಯ ಮೇಲೆ ಲೀಟರಿಗೆ ಒಂದು ಕೋಟ್ 120 ಚದರಡಿ ಎಂದಿದ್ದರೆ, ಎರಡು ಕೋಟ್‌ಗೆ ಏಳು ಲೀಟರಿಗೆ ಸ್ವಲ್ಪ ಕಡಿಮೆ ಬೇಕು. ಗುತ್ತಿಗೆ ಮಾತಾಡುವಾಗ ಬಾಗಿಲು ಕಿಟಕಿಯ ಅಳತೆ ಕಳೆಯುತ್ತಾರೋ ಇಲ್ಲವೋ, ಸಾಮಾನು ಯಾರದು, ಎಷ್ಟು ಕೋಟ್ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಕೋಣೆಯ ಬಣ್ಣವನ್ನು ಒಂದೇ ಸಲ ಮಿಶ್ರ ಮಾಡಿಸಿ ತನ್ನಿ, ಶೇಡ್ ನಂಬರನ್ನು ನೋಟ್ ಪುಸ್ತಕದ ಅದೇ ಪುಟದಲ್ಲಿ ಬರೆದಿಡಿ, ಮುಂದಿನ ತೇಪೆಗಾಗಿ ಅರ್ಧ ಲೀಟರ್ ಮುಚ್ಚಿ ಇಟ್ಟುಕೊಳ್ಳಿ.

ಬಣ್ಣದ ಆಯ್ಕೆಯನ್ನು ಶೇಡ್ ಕಾರ್ಡಿನ ಮೇಲೆ ಮಾಡಬೇಡಿ. ಎರಡು ಮೂರು ಬಣ್ಣಗಳ ಸಣ್ಣ ಡಬ್ಬಿ ತಂದು, ಎರಡಡಿ ಚೌಕದ ರಟ್ಟುಗಳಿಗೆ ಎರಡು ಕೋಟ್ ಬಳಿದು, ಬೇರೆ ಬೇರೆ ಗೋಡೆಗೆ ಒರಗಿಸಿ, ಬೆಳಗ್ಗೆ, ಸಂಜೆ, ರಾತ್ರಿ ನೀವು ಹಾಕಿಸಿದ ಹೊಸ ದೀಪದ ಕೆಳಗೆ ನೋಡಿ. ದೀಪದ ಕೆಲಸ ಮೊದಲು ಮುಗಿಯಲಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಉತ್ತರದ ತಂಪು ಕೋಣೆಯಲ್ಲಿ ಬೂದು ಛಾಯೆಯ ಬಿಳಿ ಮಂಕಾಗಿ ಕಾಣುತ್ತದೆ. ಅಲ್ಲಿಗೆ ಕೆನೆ, ಗೋಧಿ, ತಿಳಿ ಅರಿಸಿನದ ಬಣ್ಣಗಳು ಒಪ್ಪುತ್ತವೆ. ಪಶ್ಚಿಮದ ಕೋಣೆಯಲ್ಲಿ ಸಂಜೆಯ ಬಿಸಿಲು ತಾನೇ ಕೇಸರಿ ಸುರಿಯುವುದರಿಂದ ತಿಳಿ ಹಸಿರು, ಬೂದು ನೀಲಿ ಹಿತವಾಗಿರುತ್ತವೆ. ಕೆಂಪು ನೆಲದ ಮನೆಯಲ್ಲಿ ಗೋಡೆಗೆ ಗುಲಾಬಿ ಛಾಯೆ ಬೇಡ. ಸುಣ್ಣದ ಬಿಳಿಯಷ್ಟು ಆ ನೆಲವನ್ನು ಮೆರೆಸುವ ಬಣ್ಣ ಇನ್ನೊಂದಿಲ್ಲ. ಒಂದು ಗೋಡೆಗೆ ಮಾತ್ರ ಕಡು ಬಣ್ಣ ಹಚ್ಚುವ ಆಸೆಯಿದ್ದರೆ, ಆ ಗೋಡೆಯಲ್ಲಿ ಕಿಟಕಿ ಇರದಂತೆ ನೋಡಿಕೊಳ್ಳಿ. ಕಿಟಕಿಯ ಬೆಳಕಿನ ಪಕ್ಕ ಕಡು ಬಣ್ಣ ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಮರದ ಸಾಮಾನು

ತೇಗ, ಹೊನ್ನೆ, ಹಲಸು, ಬೀಟೆಯ ಹಳೆಯ ಮಂಚ, ಕುರ್ಚಿಗಳನ್ನು ಕೊಟ್ಟು ಪಾರ್ಟಿಕಲ್ ಬೋರ್ಡಿನ ಹೊಸ ಸಾಮಾನು ತರುವುದು ನಷ್ಟದ ವ್ಯಾಪಾರ. ಸಡಿಲವಾದ ಕೀಲುಗಳನ್ನು ಬಡಗಿಯಿಂದ ಬಿಗಿ ಮಾಡಿಸಿ, 80, 120, 220 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ, ಮರದ ಎಳೆಯ ಗುಂಟವೇ ಉಜ್ಜಿ, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶನ್ನು ತೆಳುವಾಗಿ ಹಲವು ಸಲ ಹಚ್ಚಿದರೆ ಸಾಕು. ನೀರು, ಬಿಸಿ ಲೋಟ ತಾಗುವ ಊಟದ ಮೇಜಿಗೆ ಮಾತ್ರ ಪಿಯು (ಪಾಲಿಯುರಿಥೇನ್) ಅಥವಾ ಮೆಲಮೈನ್ ಲೇಪನ ಬೇಕು. ಸ್ಪಿರಿಟ್ ಪಾಲಿಶ್ ಅಲ್ಲಿ ಬಿಳಿ ಉಂಗುರದ ಕಲೆ ಹಿಡಿಯುತ್ತದೆ. ಬೆತ್ತ ಹರಿದ ಕುರ್ಚಿಯನ್ನು ಬೆತ್ತ ಹೆಣೆಯುವವರಿಗೆ ಕೊಟ್ಟರೆ ಮತ್ತೆ ಹಲವು ವರ್ಷ ಬಾಳುತ್ತದೆ.

ಸಾಮಾನನ್ನು ಮರಳಿ ಜೋಡಿಸುವಾಗ ಓಡಾಡುವ ದಾರಿಗೆ ಮೂರಡಿ ಬಿಡಿ, ಸೋಫಾ ಮತ್ತು ಟೀಪಾಯಿಯ ನಡುವೆ ಒಂದೂಕಾಲು ಅಡಿ, ಊಟದ ಕುರ್ಚಿಯ ಹಿಂದೆ ಮೂರಡಿ. ಎಲ್ಲ ಕುರ್ಚಿಗಳನ್ನೂ ಗೋಡೆಗೆ ಒತ್ತಿ ಸಾಲಾಗಿ ಇಡುವ ರೂಢಿ ಬಿಟ್ಟು, ಎರಡನ್ನು ಎದುರುಬದುರಾಗಿ ಹತ್ತಿರ ಎಳೆದರೆ ಪಡಸಾಲೆಯಲ್ಲಿ ಜನ ಮಾತಾಡುತ್ತ ಕೂರುತ್ತಾರೆ.

ಬಟ್ಟೆ

ಪರದೆಯ ಕಂಬಿಯನ್ನು ಕಿಟಕಿಯ ಚೌಕಟ್ಟಿಗೇ ಹೊಡೆಯದೆ ಅದಕ್ಕಿಂತ ಅರ್ಧದಿಂದ ಒಂದಡಿ ಮೇಲಕ್ಕೆ, ಎರಡೂ ಬದಿಗೆ ಆರಾರು ಇಂಚು ಹೆಚ್ಚಾಗಿ ಹಾಕಿ. ಪರದೆ ಸರಿಸಿದಾಗ ಇಡೀ ಕಿಟಕಿ ತೆರೆದುಕೊಂಡು ಬೆಳಕು ಗಾಳಿ ಎರಡೂ ಬರುತ್ತವೆ. ಬಟ್ಟೆಯ ಅಗಲ ಕಂಬಿಯ ಎರಡರಷ್ಟಿರಬೇಕು: ಐದಡಿ ಕಿಟಕಿಗೆ ಆರಡಿ ಕಂಬಿ, ಹನ್ನೆರಡು ಅಡಿ ಬಟ್ಟೆ, 48 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಮೂರು ತುಂಡು. ಹತ್ತಿ ಬಟ್ಟೆಯನ್ನು ಹೊಲಿಸುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಗಿಡ್ಡವಾಗುತ್ತದೆ.

ಇನ್ನು ದಿಂಬಿನ ಹೊದಿಕೆಗೆ ನನ್ನ ಮೊದಲ ಆಯ್ಕೆ ಗುಳೇದಗುಡ್ಡದ ಖಣ. ಕುಬುಸಕ್ಕೆಂದೇ ನೇಯುವ ಬಟ್ಟೆಯಾದ್ದರಿಂದ ಪನ್ನ ಕಡಿಮೆ, ಆದರೆ 16 ಇಂಚಿನ ದಿಂಬಿಗೆ ಧಾರಾಳವಾಗುತ್ತದೆ. ಬೆನ್ನಿಗೆ ಸಾದಾ ಹತ್ತಿ ಕೊಟ್ಟು, ಖಣದ ಅಂಚು ಮೇಲುಗಡೆ ಒಂದೇ ನೇರಕ್ಕೆ ಬರುವಂತೆ ಕತ್ತರಿಸಲು ದರ್ಜಿಗೆ ಹೇಳಿ. ನೆಲಕ್ಕೆ ನವಲಗುಂದದ ಜಮಖಾನ ಹಾಸಿದರೆ ಸಾದಾ ಗೋಡೆಯ ಪಡಸಾಲೆಗೆ ಅದೊಂದೇ ಸಾಕು. ಸೋಫಾದ ಮುಂಗಾಲುಗಳಾದರೂ ಅದರ ಮೇಲೆ ಇರಲಿ, ಇಲ್ಲದಿದ್ದರೆ ನಡುವೆ ಬಿಟ್ಟ ತುಂಡಿನಂತೆ ಕಾಣುತ್ತದೆ. ಹರಿದ ಇಳಕಲ್ ಸೀರೆಯ ಅಂಚನ್ನು ಬಿಳಿ ಪರದೆಯ ಬುಡಕ್ಕೆ ಹೊಲಿಸಿಕೊಳ್ಳಬಹುದು.

ಗೋಡೆಗೆ ತೂಗುವುದು, ಕೊನೆಗೆ ಕೊಳ್ಳುವುದು

ಚಿತ್ರಗಳನ್ನು ನಾವು ಬಹಳ ಮೇಲೆ ತೂಗುತ್ತೇವೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು, ಅಂದರೆ ನಿಂತವರ ಕಣ್ಣಿನ ಮಟ್ಟಕ್ಕೆ ಬರಬೇಕು. ಸೋಫಾದ ಮೇಲಾದರೆ ಅದರ ಬೆನ್ನಿನಿಂದ ಆರೇಳು ಇಂಚು ಮೇಲೆ. ಹಲವು ಚಿತ್ರಗಳಿದ್ದರೆ ಮೊದಲು ಅದೇ ಅಳತೆಯ ಸುದ್ದಿಪತ್ರಿಕೆಯ ಹಾಳೆಗಳನ್ನು ಗೋಡೆಗೆ ಅಂಟಿಸಿ ಜೋಡಣೆ ನೋಡಿ, ಆಮೇಲೆ ಮೊಳೆ ಹೊಡೆಯಿರಿ.

ಕರಕುಶಲ ವಸ್ತುಗಳನ್ನು ಕಡಿಮೆ ತನ್ನಿ, ಸರಿಯಾದ ಕಡೆ ಇಡಿ. ಬೀದರಿನ ಬಿದ್ರಿ ಹೂದಾನಿಯ ಕಪ್ಪು ಮೈಯ ಮೇಲಿನ ಬೆಳ್ಳಿಯ ಕುಸುರಿ ಕಾಣಬೇಕಾದರೆ ಹಿಂದೆ ತಿಳಿ ಬಣ್ಣದ ಗೋಡೆಯಿದ್ದು, ಪಕ್ಕದಿಂದ ಬೆಳಕು ಬೀಳಬೇಕು. ಅದನ್ನು ಹುಣಸೆಹಣ್ಣಿನಿಂದಲೋ ಹಿತ್ತಾಳೆಯ ಪಾಲಿಶ್‌ನಿಂದಲೋ ತಿಕ್ಕಿದರೆ ಆ ಕಪ್ಪೇ ಹೋಗಿಬಿಡುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಮೈಸೂರಿನ ಬೀಟೆ ಮರದ ಇನ್‌ಲೇ ಫಲಕಗಳನ್ನು ನೇರ ಬಿಸಿಲಿಗೆ ಒಡ್ಡಬೇಡಿ. ಚನ್ನಪಟ್ಟಣದ ಅರಗಿನ ಬಣ್ಣದ ವಸ್ತುಗಳು ಮಕ್ಕಳ ಕೋಣೆಯಲ್ಲಿ ಕೈಗೆ ಸಿಗುವ ಎತ್ತರದಲ್ಲಿರಲಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರವನ್ನು ಮನೆಗೆ ತರಬೇಕೆನ್ನಿಸಿದರೆ, ಮುದ್ರಿತ ಸ್ಟಿಕ್ಕರ್ ಅಂಟಿಸುವ ಬದಲು ಬರೆಯಬಲ್ಲ ಕಲಾವಿದೆಯನ್ನು ಕರೆಸಿ, ಕೂಲಿ ಕೊಟ್ಟು, ಒಂದು ಗೋಡೆಯಲ್ಲಿ ಬರೆಸಿ.

ಬಾಡಿಗೆ ಮನೆಯವರು ಮೇಲಿನ ಕ್ರಮದಲ್ಲಿ ಬೆಳಕು, ಬಟ್ಟೆ, ಜೋಡಣೆ ಈ ಮೂರನ್ನೇ ಹಿಡಿದರೂ ಮನೆಯ ಚಹರೆ ಬದಲಾಗುತ್ತದೆ. ಎಷ್ಟೋ ಕಡೆ ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಹಿಡಿದುಕೊಳ್ಳುವ ವಾಡಿಕೆ ಇರುವುದರಿಂದ, ಗೋಡೆಗೆ ಬಣ್ಣ ಹಚ್ಚುವ ಇಲ್ಲವೇ ಮೊಳೆ ಹೊಡೆಯುವ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಎಲ್ಲ ಮುಗಿದ ಮೇಲೆ ಹೊಸ ವಸ್ತು ಕೊಳ್ಳುವ ಮುನ್ನ ಒಂದು ತಿಂಗಳು ಆ ಮನೆಯಲ್ಲಿ ಹಾಗೆಯೇ ಬಾಳಿ ನೋಡಿ. ಮೊದಲು ಬರೆದಿಟ್ಟ ತೊಡಕುಗಳ ಪಟ್ಟಿ ತೆಗೆದು, ಇನ್ನೂ ಬಗೆಹರಿಯದೆ ಉಳಿದದ್ದು ಯಾವುದು ಎಂದು ಗುರುತಿಸಿ, ಆ ಜಾಗದ ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.